ಕೆಂಪು ಹುಂಜ, ನಾಲ್ಕು ಬಣ್ಣದ ಹೇಂಟೆ: ಮರಿಗಳ ಬಣ್ಣ ಮೊದಲೇ ಹೇಳಬಹುದಾ?

ಹಿತ್ತಲಗೂಡು:
ಹುಂಜ ಮಿಶ್ರತಳಿ. ಎದೆ, ಬೆನ್ನು ಕೆಂಪು, ಬಾಲ ಕಪ್ಪು, ಮೈಮೇಲೆ ಎಲ್ಲೂ ಪಟ್ಟೆ ಇಲ್ಲ. ಹೇಂಟೆಗಳು ನಾಲ್ಕು: ಕಪ್ಪು-ಬಿಳಿ ಪಟ್ಟೆಯದು, ಕುತ್ತಿಗೆಯಲ್ಲಿ ಸ್ವಲ್ಪ ಹೊಂಬಣ್ಣ ಇಣುಕುವ ಕರಿ ಹೇಂಟೆ, ಬೂದುನೀಲಿ, ಮತ್ತೆ ಅಲ್ಲಲ್ಲಿ ಕಪ್ಪು ಚುಕ್ಕೆ ಇರುವ ಬಿಳಿ. ತಳಿ ಯಾವುದರದ್ದೂ ಗೊತ್ತಿಲ್ಲ. ಯಾವುದರ ಮರಿ ಯಾವ ಬಣ್ಣ ಬರುತ್ತೆ? ಮೊಟ್ಟೆ ಒಡೆದ ದಿನವೇ ಹೆಣ್ಣು-ಗಂಡು ಗುರುತಿಸೋಕೆ ಆಗುವ ಜೋಡಿ ಇದರಲ್ಲಿ ಇದೆಯಾ? ಹುಂಜದ ತಾಯಿ ಪಟ್ಟೆ ಹೇಂಟೆ ಅಂತ ಕೊಟ್ಟವರು ಹೇಳಿದ್ದರು.

ನೆತ್ತಿಚುಕ್ಕೆ:
ಕೊನೆಯ ಮಾತು ಮೊದಲು ನೋಡೋಣ. ಅದು ನಿಜವಾಗಿರಲು ಸಾಧ್ಯವಿಲ್ಲ. ಪಟ್ಟೆಯ ಜೀನ್ ಇರೋದು ಹೆಣ್ಣು-ಗಂಡು ನಿರ್ಧರಿಸುವ ಝಡ್ ಕ್ರೋಮೋಸೋಮಿನ ಮೇಲೆ. ಹುಂಜಕ್ಕೆ ಝಡ್ ಎರಡು, ಹೇಂಟೆಗೆ ಒಂದೇ, ಆ ಒಂದನ್ನು ಅವಳು ಗಂಡುಮಕ್ಕಳಿಗೆ ಮಾತ್ರ ಕೊಡುತ್ತಾಳೆ. ಪಟ್ಟೆ ಪ್ರಬಲ ಗುಣ, ಅಂದರೆ ಜೀನಿನ ಒಂದೇ ಪ್ರತಿ ಇದ್ದರೂ ಹೊರಗೆ ಕಾಣುತ್ತದೆ. ಹಾಗಾಗಿ ಪಟ್ಟೆ ತಾಯಿಯ ಪ್ರತಿಯೊಂದು ಗಂಡುಮರಿಗೂ ಪಟ್ಟೆ ಬರಲೇಬೇಕು. ನಿಮ್ಮ ಹುಂಜಕ್ಕೆ ಇಲ್ಲ ಅಂದರೆ ತಾಯಿ ಬೇರೆ.

ನಿಮಗೆ ಇದು ಒಳ್ಳೆಯದೇ ಆಯ್ತು. ಪಟ್ಟೆ ಇಲ್ಲದ ಹುಂಜ, ಪಟ್ಟೆ ಹೇಂಟೆ ಸೇರಿದರೆ ಗಂಡುಮರಿಗೆಲ್ಲ ಪಟ್ಟೆ, ಹೆಣ್ಣುಮರಿಗೆ ಒಂದಕ್ಕೂ ಇಲ್ಲ. ಹುಟ್ಟಿದಾಗ ಎಲ್ಲವೂ ಕರಿ ತುಪ್ಪಳವೇ, ಆದರೆ ಗಂಡಿನ ನೆತ್ತಿಯ ಮೇಲೆ ಬಿಳಿ ಚುಕ್ಕೆ ಇರುತ್ತದೆ. ಅಂಚು ಹರಡಿದಂತೆ, ಕೆಲವದರಲ್ಲಿ ತುಸು ಹಳದಿ. ತುಪ್ಪಳ ಒಣಗಿದ ಮೇಲೆ ನೋಡಿ, ಒದ್ದೆ ಮರಿಯಲ್ಲಿ ಚುಕ್ಕೆ ಕಾಣೋದಿಲ್ಲ. ಹೊಟ್ಟೆಯ ಬಿಳುಪನ್ನು ಲೆಕ್ಕಕ್ಕೆ ತಗೋಬೇಡಿ, ಅದು ಕರಿ ಮರಿಗಳಿಗೆಲ್ಲ ಇರುತ್ತದೆ. ದೊಡ್ಡವಾದ ಮೇಲೆ ಹೆಣ್ಣುಗಳು ಕಪ್ಪು, ಕುತ್ತಿಗೆ-ಎದೆಯಲ್ಲಿ ಕೆಂಪು ಛಾಯೆ.

ಇದೇ ಜೋಡಿಯನ್ನು ತಿರುಗಿಸಿ, ಪಟ್ಟೆ ಹುಂಜಕ್ಕೆ ಕರಿ ಹೇಂಟೆ ಬಿಟ್ಟರೆ ಈ ಗುರುತು ಸಿಗಲ್ಲ. ಪಟ್ಟೆ ಹೆಣ್ಣು-ಗಂಡು ಎರಡಕ್ಕೂ ಹೋಗುತ್ತದೆ.

ತುಪ್ಪಳ:
ಹುಂಜ ಏನನ್ನು ಹೊತ್ತಿಲ್ಲ ಅನ್ನೋದನ್ನ ಅದರ ಬಾಲವೇ ಹೇಳುತ್ತೆ. ನೀಲಿ ಜೀನ್ ಇದ್ದಿದ್ದರೆ ಬಾಲ ಬೂದು, ಪ್ರಬಲ ಬಿಳಿ ಇದ್ದಿದ್ದರೆ ಬಾಲ ಬಿಳಿ ಆಗಿರುತ್ತಿತ್ತು. ಮೈ ಕೆಂಪು ಅಂದಮೇಲೆ, ಕೆಂಪನ್ನು ಬಿಳಿಯಾಗಿಸುವ ಬೆಳ್ಳಿ ಜೀನೂ ಇಲ್ಲ. ಅಡಗಿರಬಹುದಾದದ್ದು ದುರ್ಬಲ ಗುಣಗಳು, ಅಂದರೆ ಎರಡು ಪ್ರತಿ ಸೇರಿದರೆ ಮಾತ್ರ ಕಾಣುವಂಥವು: ದುರ್ಬಲ ಬಿಳಿ, ಲ್ಯಾವೆಂಡರ್ (ತಿಳಿ ಬೂದು ಬಣ್ಣ) ಥರದವು.

ಕರಿ ಹೇಂಟೆ: ಕರಿ ಜೀನಿನ ಎರಡು ಪ್ರತಿ ಇದ್ದರೆ ಮರಿಗಳೆಲ್ಲ ಕಪ್ಪು, ಒಂದೇ ಇದ್ದರೆ ಸುಮಾರು ಅರ್ಧ ಕಪ್ಪು, ಉಳಿದವು ಕೆಂಪು-ಕಂದು. ಕುತ್ತಿಗೆಯ ಹೊಂಬಣ್ಣ ನೋಡಿದರೆ ಒಂದೇ ಇರಬೇಕು ಅಂತ ಅನುಮಾನ, ಖಚಿತವಲ್ಲ. ಒಂದು ಕೆಂಪು ಮರಿ ಬಂದರೂ ಉತ್ತರ ಸಿಕ್ಕಿತು. ಸತತ 5 ಮರಿ ಕಪ್ಪೇ ಬಂದರೆ, ಒಂದೇ ಪ್ರತಿ ಇದ್ದೂ ಹಾಗಾಗುವ ಸಾಧ್ಯತೆ 32ರಲ್ಲಿ 1.

ನೀಲಿ ಹೇಂಟೆ: ನೀಲಿ ಅಂದರೆ ಕಪ್ಪನ್ನು ತೆಳು ಮಾಡುವ ಜೀನಿನ ಒಂದು ಪ್ರತಿ. ಅರ್ಧ ಮರಿ ನೀಲಿ, ಅರ್ಧ ಕಪ್ಪು. ಕೆಂಪಿನ ಮೇಲೆ ಅದಕ್ಕೆ ಹೆಚ್ಚು ಹಿಡಿತವಿಲ್ಲ, ಕೆಂಪು ಮೈ, ಬೂದು ಬಾಲದ ಮರಿ ಹುಟ್ಟಿದರೆ ಆಶ್ಚರ್ಯ ಬೇಡ. ಮುಂದೆ ನೀಲಿಗೆ ನೀಲಿ ಸೇರಿಸಿದರೆ 25% ಕಪ್ಪು, 50% ನೀಲಿ, 25% ಮಾಸಲು ಬಿಳಿಯ ಮೇಲೆ ನೀಲಿ ಸಿಡಿದ ಬಣ್ಣ.

ಕಷ್ಟದ್ದು ಬಿಳಿ ಹೇಂಟೆ. ಬಿಳಿ ಅನ್ನೋದು ಬಣ್ಣವಲ್ಲ, ಮೇಲೆ ಹೊದ್ದ ಚಾದರ. ಕೆಳಗೆ ಕಪ್ಪು, ಪಟ್ಟೆ, ಬೆಳ್ಳಿ ಏನು ಬೇಕಾದರೂ ಇರಬಹುದು. ಕಪ್ಪು ಚುಕ್ಕೆ ಇರೋದರಿಂದ ಪ್ರಬಲ ಬಿಳಿಯ ಒಂದೇ ಪ್ರತಿ ಇರುವಂತಿದೆ. ಹಾಗಿದ್ದರೆ ಅರ್ಧ ಮರಿ ಬಿಳಿ, ಭುಜ-ಎದೆಯಲ್ಲಿ ಕೆಂಪು ಸೋರಿಕೆ, ಅಂದರೆ ಅಲ್ಲಲ್ಲಿ ಕೆಂಪು ಇಣುಕೋದು. ಮಿಕ್ಕರ್ಧದಲ್ಲಿ ಕೆಳಗೆ ಅಡಗಿದ್ದದ್ದು ಹೊರಬರುತ್ತೆ. ಆ ಬಣ್ಣದ ಗಂಡುಮರಿಗಳಲ್ಲಿ ಪಟ್ಟೆ ಕಂಡರೆ ಅದು ಈ ತಾಯಿಯದೇ.

ಹಿತ್ತಲಗೂಡು:
ನಾಲ್ಕೂ ಹೇಂಟೆಗಳ ಮೊಟ್ಟೆ ಒಟ್ಟಿಗೆ ಕಾವಿಗಿಟ್ಟರೆ ಯಾವ ಮರಿ ಯಾರದ್ದು ಅಂತ ತಿಳಿಯೋದು ಹೇಗೆ? ಹಿಂದೆ ಇನ್ನೊಂದು ಹುಂಜವೂ ಜೊತೆಗಿತ್ತು.

ನೆತ್ತಿಚುಕ್ಕೆ:
ಆ ಹುಂಜವನ್ನು ತೆಗೆದು 3 ವಾರ ಆಗೋವರೆಗೆ ಮೊಟ್ಟೆ ಕೂಡಿಡಬೇಡಿ. ಹೇಂಟೆಯ ಒಳಗೆ ವೀರ್ಯ ಎರಡು-ಮೂರು ವಾರ ಜೀವಂತ ಉಳಿಯುತ್ತೆ. ಲೆಕ್ಕ ತಪ್ಪೋದು ಹೆಚ್ಚಾಗಿ ಇಲ್ಲೇ, ಆಮೇಲೆ ಜೀನನ್ನು ಬೈತಾರೆ.

ಹೇಂಟೆಗಳನ್ನು ಮೊಟ್ಟೆಯಿಡುವ ಹೊತ್ತಿಗೆ ಬೇರೆ ಬೇರೆ ಗೂಡಲ್ಲಿ ಹಾಕಿ, ಮೊಟ್ಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಬರೆಯಿರಿ, ಸ್ಕೆಚ್ ಪೆನ್ ಬೇಡ. 7 ದಿನದೊಳಗಿನ ಮೊಟ್ಟೆ ಇಡಿ. ಕಾವಿನ 18ನೇ ದಿನ ಮೊಟ್ಟೆಗಳನ್ನು ತಾಯಿವಾರು ಜಾಲರಿ ಅಂಕಣಗಳಿಗೆ ಹಾಕಿ, ಇಲ್ಲದಿದ್ದರೆ ಹೊರಬಂದ ಮರಿಗಳು ಬೆರೆತು ಗುರುತೆಲ್ಲ ವ್ಯರ್ಥ. ಒಣಗಿದ ತಕ್ಷಣ ಕಾಲಿಗೆ ಬಣ್ಣದ ಉಂಗುರ ಹಾಕಿ. ಆ ಉಂಗುರವನ್ನು ವಾರಕ್ಕೊಮ್ಮೆ ನೋಡಿ ದೊಡ್ಡದು ಮಾಡಿ, ಮರೆತರೆ ಕಾಲಿಗೆ ಕಚ್ಚಿಕೊಳ್ಳುತ್ತೆ.

ತುಪ್ಪಳ:
ಅರ್ಧ-ಅರ್ಧ ಅಂದದ್ದನ್ನ ಎಣಿಸಿ ನೋಡಬೇಡಿ. 8 ಮರಿಯಲ್ಲಿ ಸರಿಯಾಗಿ 4-4 ಬರೋ ಸಾಧ್ಯತೆ ಸುಮಾರು 27% ಮಾತ್ರ. ಮೊದಲ ಗರಿ ನೋಡಿ ತೀರ್ಮಾನವೂ ಬೇಡ, ಕೆಂಪು ಸೋರಿಕೆ ಪೂರ್ತಿ ಕಾಣೋದು 5-6 ತಿಂಗಳಿಗೆ, ಹುಂಜಗಳಲ್ಲಿ ಹೆಚ್ಚು.