ಡಿಎನ್‌ಎ ರಿಪೋರ್ಟಿನ ಪರ್ಸೆಂಟ್ ನೋಡಿ ನಮ್ಮ ಮೂಲ ಹೇಳಬಹುದಾ?

ಮಲ್ಲೇಶ್ವರದ ಹುಡುಗ:
ನಮ್ಮ ಚಿಕ್ಕಪ್ಪ ಎಂಜಲು ಕಳಿಸಿ ಡಿಎನ್‌ಎ ಟೆಸ್ಟ್ ಮಾಡಿಸಿದ್ದಾರೆ. ಹೆಚ್ಚಿನ ಪಾಲು ದಕ್ಷಿಣ ಭಾರತ, ಸ್ವಲ್ಪ ಮಧ್ಯ ಏಷ್ಯಾ ಅಂತ ಬಂದಿದೆ. ಅಷ್ಟು ಹಿಡಿದುಕೊಂಡು ನಾವು ಇಲ್ಲಿಯವರೇ ಅಲ್ಲ ಅಂತ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ವಾದ. ನಾವು ಆರ್ಯವೈಶ್ಯರು, ಮುತ್ತಜ್ಜನ ಕಾಲದಿಂದ ಬೆಂಗಳೂರಿನಲ್ಲೇ ಇದ್ದೇವೆ. ಆ ಸಣ್ಣ ಪಾಲಿಗೆ ಏನರ್ಥ?

ಬಸವನಗುಡಿ ಓದುಗ:
ಅದು ನಿಮ್ಮ ಮನೆಯ ವಿಶೇಷ ಅಲ್ಲ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿ ಮತ್ತು ಹಾರ್ವರ್ಡ್‌ನವರು ಸೇರಿ 2009ರಲ್ಲಿ ತೋರಿಸಿದ್ದು ಇದನ್ನೇ: ಜಾತಿ ಯಾವುದೇ ಇರಲಿ, ಬುಡಕಟ್ಟೇ ಇರಲಿ, ಇಲ್ಲಿನ ಬಹುಪಾಲು ಜನ ಹಳೆಯ ಎರಡು ಮೂಲಗಳು ಬೆರೆತು ಆದವರು, ಪ್ರಮಾಣ ಮಾತ್ರ ಹೆಚ್ಚು ಕಡಿಮೆ. ಈ ಬೆರಕೆ ಸುಮಾರು 4200ರಿಂದ 1900 ವರ್ಷಗಳ ಹಿಂದೆ ಜೋರಾಗಿ ನಡೆಯಿತು, ಆಮೇಲೆ ಒಳಗೊಳಗೇ ಮದುವೆ ಜಾಸ್ತಿಯಾಯಿತು. ಇನ್ನು ಕಂಪನಿಯ ಪರ್ಸೆಂಟ್ ಅಂದರೆ, ತಮ್ಮ ಹತ್ತಿರ ಇರುವ ಇವತ್ತಿನ ಜನರ ಸ್ಯಾಂಪಲ್ ಜೊತೆ ಹೋಲಿಸಿದ ಅಂದಾಜು ಅಷ್ಟೇ. ಸ್ಯಾಂಪಲ್ ಹೆಚ್ಚಾದರೆ ಅದೂ ಬದಲಾಗುತ್ತದೆ.

ಹಳೇ ಮೂಳೆ:
ಹರಿಯಾಣದ ರಾಖಿಗಢಿಯಲ್ಲಿ ಸಿಕ್ಕ ಹೆಂಗಸೊಬ್ಬಳ ಅಸ್ಥಿಯ ಡಿಎನ್‌ಎ ವರದಿ 2019ರಲ್ಲಿ ಬಂತು. ಸಿಂಧೂ ನಾಗರಿಕತೆಯವಳು. ಅವಳಲ್ಲಿ ಮಧ್ಯ ಏಷ್ಯಾ ಕಡೆಯ ಹುಲ್ಲುಗಾವಲಿನ ಪಶುಪಾಲಕರ ಅಂಶ ಇಲ್ಲ, ಆ ಜನ ಇಲ್ಲಿಗೆ ಬಂದದ್ದು ನಂತರ. ಆದರೆ ಅವಳಂಥವರ ಅಂಶ ಉತ್ತರ, ದಕ್ಷಿಣ ಎರಡೂ ಕಡೆಯವರಲ್ಲಿ ಇದೆ. ಹಾಗಿರುವಾಗ ಯಾರನ್ನು ಹೊರಗಿನವರು ಅನ್ನೋದು, ಹೇಳಿ? ಈ ರಿಪೋರ್ಟ್ ಇಟ್ಟುಕೊಂಡು ಜನರನ್ನು ಬೇರೆ ಮಾಡುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಅರಿವಳಿಕೆ ಡಾಕ್ಟರ್:
ಮೂಲದ ವಾದ ಬಿಡಿ, ನಿಮಗೆ ಬೇಕಾದ ವಿಷಯ ಬೇರೆ ಇದೆ. ನಿಮ್ಮ ವೈಶ್ಯ ಸಮುದಾಯದವರು 2000 ವರ್ಷಕ್ಕೂ ಹೆಚ್ಚು ಕಾಲ ಹೊರಗೆ ಅಷ್ಟಾಗಿ ಬೆರೆತಿಲ್ಲ ಅಂತ ಅದೇ 2009ರ ಅಧ್ಯಯನ ಹೇಳುತ್ತದೆ. ಹೀಗೆ ಉಳಿದ ಗುಂಪಿನಲ್ಲಿ ಕೆಲವು ಅಪರೂಪದ ದೋಷಗಳು ಹೆಚ್ಚಾಗಿ ಕಾಣುತ್ತವೆ. ನಿಮ್ಮಲ್ಲಿ ಕೆಲವರಿಗೆ ಒಂದು ಕಿಣ್ವ ಕಡಿಮೆ ಇರುತ್ತದೆ, ಅಂಥವರಿಗೆ ಆಪರೇಷನ್ ವೇಳೆ ಸ್ನಾಯುಗಳನ್ನು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ನಿಮಿಷಗಳಲ್ಲಿ ಇಳಿಯಬೇಕಾದ ಔಷಧದ ಪ್ರಭಾವ ಗಂಟೆಗಟ್ಟಲೆ ಇರುತ್ತದೆ, ಅಷ್ಟು ಹೊತ್ತೂ ಯಂತ್ರದಿಂದಲೇ ಉಸಿರಾಡಿಸಬೇಕು. ಮೊದಲೇ ಗೊತ್ತಿದ್ದರೆ ಬೇರೆ ಔಷಧ ಕೊಡುತ್ತೇವೆ.

ಮಲ್ಲೇಶ್ವರದ ಹುಡುಗ:
ಅಯ್ಯೋ, ಚಿಕ್ಕಪ್ಪನಿಗೆ ಮುಂದಿನ ತಿಂಗಳು ಹರ್ನಿಯಾ ಆಪರೇಷನ್ ಇದೆ ಡಾಕ್ಟ್ರೇ. ಯಾವ ಟೆಸ್ಟ್ ಅಂತ ಕೇಳಬೇಕು?

ಅರಿವಳಿಕೆ ಡಾಕ್ಟರ್:
ಸೂಡೋಕೋಲಿನೆಸ್ಟರೇಸ್, ಆ ಕಿಣ್ವದ ರಕ್ತ ಪರೀಕ್ಷೆ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದಮೇಲೆ ಉಸಿರು ಮರಳುವುದು ತಡವಾಗಿತ್ತಾ ಅಂತಲೂ ವಿಚಾರಿಸಿ, ಅದನ್ನು ಅರಿವಳಿಕೆ ಕೊಡುವವರಿಗೇ ನೇರವಾಗಿ ಹೇಳಿ.