30×40 ಸೈಟಲ್ಲಿ ಪಾಯದ ಮಣ್ಣಿನಿಂದಲೇ ಬ್ಲಾಕ್ ಮಾಡಿ ಮನೆ ಕಟ್ಟಬಹುದಾ? ಬಿಸಿಲಿನ ಲೆಕ್ಕ ಹೇಗೆ?

ಕೆಂಗೇರಿ_ಸೈಟು:
ಕೆಂಗೇರಿ ಕಡೆ 30×40 ಸೈಟು, ರಸ್ತೆ ಪಶ್ಚಿಮಕ್ಕೆ. ಉತ್ತರ, ದಕ್ಷಿಣ ಎರಡೂ ಪಕ್ಕದಲ್ಲಿ ಎರಡಂತಸ್ತಿನ ಮನೆಗಳಿವೆ. ನಮಗೆ ನೆಲಮಹಡಿ, ಮೇಲೊಂದು ಮಹಡಿ ಸಾಕು. ಪಿಲ್ಲರ್ ಇಲ್ಲದೆ ಗೋಡೆಯೇ ಭಾರ ಹೊರುವಂತೆ ಮಣ್ಣಿನ ಬ್ಲಾಕಲ್ಲಿ ಕಟ್ಟಿಸುವ ಯೋಚನೆ. ಪಾಯದಿಂದ ತೆಗೆದ ಕೆಮ್ಮಣ್ಣೇ ಸಾಕಾಗುತ್ತದಾ? ಸಿಮೆಂಟ್ ಎಷ್ಟು ಬೇಕು? ಇನ್ನೊಂದು ವಿಷಯ: ಸೌರ ವಿನ್ಯಾಸದ ವಿಡಿಯೋಗಳಲ್ಲೆಲ್ಲ ದಕ್ಷಿಣಕ್ಕೆ ದೊಡ್ಡ ಗಾಜು ಹಾಕಿ ಅಂತಾರೆ. ನಮ್ಮಲ್ಲೂ ಹಾಗೇ ಮಾಡಬೇಕಾ?

ಮಣ್ಣುಕೈ:
ಮೊದಲು ಆ ಮಣ್ಣು ನಿಜವಾಗಿ ಅಲ್ಲಿಯದೇನಾ ನೋಡಿ ಸರ್. ಹೊಸ ಲೇಔಟ್‌ಗಳಲ್ಲಿ ಮೇಲಿನ ನಾಲ್ಕೈದು ಅಡಿ ಎಲ್ಲಿಂದಲೋ ತಂದು ತುಂಬಿದ ಮಣ್ಣು, ಒಡೆದ ಕಟ್ಟಡದ ಚೂರು ಇರುತ್ತದೆ. ಅದು ಬ್ಲಾಕಿಗೆ ಬರಲ್ಲ. ಒರಿಜಿನಲ್ ಕೆಮ್ಮಣ್ಣಾದರೆ ಒಳ್ಳೆಯದು. ನಮ್ಮ ಕಡೆಯ ಕೆಮ್ಮಣ್ಣಿನ ಜೇಡಿ ಹೆಚ್ಚು ಉಬ್ಬುವ ಜಾತಿಯದಲ್ಲ, ಸಿಮೆಂಟಿಗೆ ಚೆನ್ನಾಗಿ ಹೊಂದುತ್ತದೆ. ಎರೆಮಣ್ಣಾಗಿದ್ದರೆ ಸಿಮೆಂಟ್ ಸಾಲದು, ಸುಣ್ಣ ಬೇಕಾಗುತ್ತಿತ್ತು. ಮೇಲಿನ ಒಂದಡಿ ಬೇರು, ಗೊಬ್ಬರದಂಶ ಇರುವ ಮಣ್ಣನ್ನು ತೋಟಕ್ಕೆ ಬಿಡಿ. ಅದು ಸೇರಿದರೆ ಸಿಮೆಂಟ್ ಸರಿಯಾಗಿ ಗಟ್ಟಿಯಾಗಲ್ಲ.

ಪರೀಕ್ಷೆಗೆ ಒಂದು ಗಾಜಿನ ಜಾಡಿ ಸಾಕು. ಮೂರನೇ ಒಂದು ಭಾಗ ಮಣ್ಣು, ಚಿಟಿಕೆ ಉಪ್ಪು, ಉಳಿದದ್ದು ನೀರು. ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುತ್ತದೆ, ನುಣುಪು ಹೂಳು ಅರ್ಧ ಗಂಟೆಯಲ್ಲಿ, ಜೇಡಿ ಮಾರನೇ ದಿನದ ಹೊತ್ತಿಗೆ. ಬ್ಲಾಕಿಗೆ ಬೇಕಾದದ್ದು 10–15% ಜೇಡಿ, 65–70% ಮರಳು. ಕೆಮ್ಮಣ್ಣಲ್ಲಿ ಜೇಡಿ ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ. 30% ಬಂತು ಅಂದರೆ ಸಮಪ್ರಮಾಣ ಕಲ್ಲುಪುಡಿ ಅಥವಾ ಎಂ ಸ್ಯಾಂಡ್ ಬೆರೆಸಿ. ಜೇಡಿ ಹೆಚ್ಚಾದ ಬ್ಲಾಕ್ ಒಣಗುವಾಗ ಬಿರುಕು ಬಿಡುತ್ತದೆ, ಆಮೇಲೆ ಮಳೆಗಾಲಕ್ಕೊಮ್ಮೆ ಉಬ್ಬಿ ಬೇಸಿಗೆಗೊಮ್ಮೆ ಕುಗ್ಗಿ ಗಾರೆಯಿಂದ ಕಳಚಿಕೊಳ್ಳುತ್ತದೆ. ಎಷ್ಟೋ ಜನ ಇದಕ್ಕೆ ಸಿಮೆಂಟ್ ಏರಿಸುತ್ತಾರೆ. ದುಡ್ಡು ದಂಡ, ಬೇಕಾಗಿದ್ದು ಮರಳು.

ಲೆಕ್ಕ: 230×190×100 ಮಿ.ಮೀ ಬ್ಲಾಕ್ ಒಣಗಿದಾಗ ಸುಮಾರು 8 ಕೆಜಿ. ತೂಕದಲ್ಲಿ 7% ಸಿಮೆಂಟ್ ಅಂದರೆ ಒಂದು ಮೂಟೆಗೆ 85–90 ಬ್ಲಾಕ್. 190 ಮಿ.ಮೀ ದಪ್ಪದ ಗೋಡೆಗೆ ಚದರ ಮೀಟರಿಗೆ ಸುಮಾರು 37. ನಿಮ್ಮ ಮನೆಗೆ 10,000 ಅಂತ ಹಿಡಿದರೆ 115 ಮೂಟೆ ಸಿಮೆಂಟ್, 80 ಟನ್ ಒಣ ಮಿಶ್ರಣ. ಅದರಲ್ಲಿ ಅರ್ಧ ಪಾಯದ ಮಣ್ಣು. ಮಣ್ಣು ಸಾಲುತ್ತದೆ, ಸಾಲದೇ ಹೋಗುವುದು ಜಾಗ. 10,000 ಬ್ಲಾಕನ್ನು ಒಂದು ಮೀಟರ್ ಎತ್ತರಕ್ಕೆ ಜೋಡಿಸಿದರೂ 45 ಚದರ ಮೀಟರ್ ಬೇಕು, ನಿಮ್ಮ ಸೈಟೇ 111. ಅದರಲ್ಲಿ ಪಾಯದ ಗುಂಡಿ, ಮಣ್ಣಿನ ರಾಶಿ, ಬ್ಲಾಕ್ ಒತ್ತುವ ಯಂತ್ರ ಎಲ್ಲ ಇರಬೇಕು. ಪಕ್ಕದ ಅಥವಾ ಎದುರಿನ ಖಾಲಿ ಸೈಟು ಬಾಡಿಗೆಗೆ ಸಿಗದಿದ್ದರೆ ರೆಡಿ ಬ್ಲಾಕ್ ತರಿಸಿ.

ಯಂತ್ರದ ಹತ್ತಿರ ನೋಡಬೇಕಾದ್ದು: ಮಣ್ಣನ್ನು 5 ಮಿ.ಮೀ ಜರಡಿ ಹಿಡಿಯಿರಿ. ಹದ ನೋಡಲು ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಡಿ. ನಾಲ್ಕೈದು ಚೂರಾದರೆ ಹದ ಸರಿ, ಪುಡಿಯಾದರೆ ನೀರು ಕಮ್ಮಿ, ಉಂಡೆಯಾಗೇ ಉಳಿದರೆ ನೀರು ಜಾಸ್ತಿ. ಅಚ್ಚಿಗೆ ಬುಟ್ಟಿ ಲೆಕ್ಕದಲ್ಲಲ್ಲ, ತೂಗಿಯೇ ಹಾಕಿಸಿ. ಆಗತಾನೆ ತೆಗೆದ ಹಸಿ ಬ್ಲಾಕ್ 8.5 ಕೆಜಿಗಿಂತ ಕಮ್ಮಿ ತೂಗಿದರೆ ಒತ್ತಡ ಸಾಲಲಿಲ್ಲ ಅಂತ. ಸಿಮೆಂಟ್ ಬೆರೆಸಿದ್ದನ್ನು ಅರ್ಧ ಗಂಟೆಯೊಳಗೆ ಮುಗಿಸಬೇಕು. ಊಟಕ್ಕೆ ಮುಂಚೆ ಕಲಸಿಟ್ಟು ಊಟ ಆದಮೇಲೆ ಒತ್ತಿದ ಬ್ಲಾಕುಗಳೇ ಮುಂದೆ ಮೂಲೆ ಉದುರಿಸುವುದು. ಆಮೇಲೆ ಗೋಣಿಚೀಲ ಹೊದಿಸಿ 21ರಿಂದ 28 ದಿನ ನೀರು.

ತಾರಸಿ_ಬಿಳಿ:
ಗಾರೆ ಬಗ್ಗೆ ಒಂದು ಸೇರಿಸುತ್ತೇನೆ. ಮೇಸ್ತ್ರಿಗಳು ಅಭ್ಯಾಸಬಲದಿಂದ 1:4 (ಸಿಮೆಂಟ್ 1, ಮರಳು 4) ಗಟ್ಟಿ ಗಾರೆ ಹಾಕುತ್ತಾರೆ. ಮಣ್ಣಿನ ಬ್ಲಾಕಿಗೆ ಅದು ಬೇಡ, ಗಾರೆ ಬ್ಲಾಕಿಗಿಂತ ಗಟ್ಟಿಯಾದರೆ ಬಿರುಕು ಬ್ಲಾಕಿನೊಳಗೇ ಹಾಯುತ್ತದೆ. ಸಿಮೆಂಟ್ 1, ಮಣ್ಣು 2, ಮರಳು 6 ಸರಿ. ಕೆಲಸವೂ ನುಣುಪಾಗಿ ಬರುತ್ತದೆ.

ನೆರಳು_ಲೆಕ್ಕ:
ದಕ್ಷಿಣದ ಗಾಜನ್ನು ಮರೆತುಬಿಡಿ. ಅದು ಚಳಿಗಾಲದಲ್ಲಿ ಮನೆ ಬೆಚ್ಚಗಾಗಿಸಬೇಕಾದ ಊರುಗಳ ಪಾಠ. ಬೆಂಗಳೂರು ಸುಮಾರು 13° ಉತ್ತರ ಅಕ್ಷಾಂಶದಲ್ಲಿದೆ, ಜನವರಿಯ ರಾತ್ರಿಗೆ ಒಂದು ಕಂಬಳಿ ಸಾಕು. ಇಲ್ಲಿ ಕೆಲಸ ಏನಿದ್ದರೂ ಬಿಸಿಲನ್ನು ಹೊರಗೇ ತಡೆಯುವುದು. ಸಾಲದ್ದಕ್ಕೆ ನಿಮ್ಮ ದಕ್ಷಿಣಕ್ಕೆ ಎರಡಂತಸ್ತಿನ ಮನೆ ಇದೆ, ಆ ಗೋಡೆಗೆ ನೆರಳು ಪುಕ್ಕಟೆ.

ಸೂರ್ಯ ಡಿಸೆಂಬರ್ 21ರ ಮಧ್ಯಾಹ್ನ ದಕ್ಷಿಣದಲ್ಲಿ 53.5° ಎತ್ತರದಲ್ಲಿರುತ್ತಾನೆ. ಮಾರ್ಚ್ 21ಕ್ಕೆ 77°. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲಲ್ಲಿ ಉತ್ತರಕ್ಕೇ ವಾಲಿರುತ್ತಾನೆ. 1.2 ಮೀಟರ್ ಎತ್ತರದ ದಕ್ಷಿಣದ ಕಿಟಕಿಯ ತಲೆಗೆ ಸರಿಯಾಗಿ 600 ಮಿ.ಮೀ ಸಜ್ಜಾ ಕೊಟ್ಟರೆ ಡಿಸೆಂಬರಲ್ಲಿ 810 ಮಿ.ಮೀವರೆಗೆ ನೆರಳು ಬೀಳುತ್ತದೆ, ಕೆಳಗಿನ 390 ಮಿ.ಮೀ ಜಾಗದಲ್ಲಿ ಎಳೆಬಿಸಿಲು. ಮಾರ್ಚ್ ಮಧ್ಯಾಹ್ನಕ್ಕೆ ಪೂರ್ತಿ ನೆರಳು. ಉತ್ತರಕ್ಕೆ 300 ಮಿ.ಮೀ ಸಾಕು.

ನಿಮ್ಮ ತೊಂದರೆ ಪಶ್ಚಿಮ. ತೆರೆದಿರುವ ಮುಖವೇ ಅದು. ಏಪ್ರಿಲಲ್ಲಿ ಸಂಜೆ 4ಕ್ಕೆ ಸೂರ್ಯ ಸುಮಾರು 36° ಎತ್ತರದಲ್ಲಿ, ಹೆಚ್ಚುಕಮ್ಮಿ ಎದುರಿಗೇ ಇರುತ್ತಾನೆ. ಅಲ್ಲಿ 600 ಮಿ.ಮೀ ಸಜ್ಜಾ ಕೊಡುವ ನೆರಳು ಬರೀ 435 ಮಿ.ಮೀ. ಮಣ್ಣಿನ ಗೋಡೆ ದಪ್ಪ ಇದೆ, ತಂಪು ಅಂತ ನೆಚ್ಚಿಕೊಳ್ಳಬೇಡಿ. ದಪ್ಪ ಗೋಡೆ ಸಂಜೆ ಹೀರಿದ ಬಿಸಿಯನ್ನು ನೀವು ಮಲಗಿದ ಮೇಲೆ ಒಳಗೆ ಬಿಡುತ್ತದೆ. ಹಾಗಾಗಿ ರಸ್ತೆ ಕಡೆಗೆ ಮೆಟ್ಟಿಲು, ಬಚ್ಚಲು, ಸ್ಟೋರ್ ತನ್ನಿ, ಮಲಗುವ ಕೋಣೆ ಪೂರ್ವಕ್ಕೆ ಹೋಗಲಿ. ಮೇಲಿನ ಮಹಡಿಗೆ ನಾಲ್ಕಡಿ ಬಾಲ್ಕನಿ, ಅದರ ಹೊರ ಅಂಚಿಗೆ ತೂತುತೂತಿನ ಜಾಲಿ ಗೋಡೆ. ರಸ್ತೆಬದಿ ಜಾಗ ಇದ್ದರೆ ಪಾಯ ತೆಗೆಯುವ ಮೊದಲೇ ಒಂದು ಹೊಂಗೆ ನೆಡಿ. ಪಕ್ಕದ ಮನೆಗಳ ನಡುವಿನ ಮೂರಡಿ ಸಂದಿಯಲ್ಲಿ ಗಾಳಿ ಆಡುವುದಿಲ್ಲವಾದ್ದರಿಂದ ಮೆಟ್ಟಿಲ ಗೂಡಿನ ತಲೆಯಲ್ಲಿ ತೆರೆಯುವಂಥ ಕಿಂಡಿ ಇಡಿ. ಬಿಸಿಗಾಳಿ ಅಲ್ಲಿಂದ ಏರಿ ಹೋಗುತ್ತದೆ, ರಾತ್ರಿ ಕೆಳಗಿನ ಕಿಟಕಿಯಿಂದ ತಂಪು ಎಳೆದುಕೊಳ್ಳುತ್ತದೆ.

ಕೆಂಗೇರಿ_ಸೈಟು:
ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು. ತಾರಸಿಗೆ ಮಂಗಳೂರು ಹೆಂಚಿನ ಫಿಲ್ಲರ್ ಸ್ಲ್ಯಾಬ್ (ಕೆಳಭಾಗದ ಕಾಂಕ್ರೀಟ್ ಬದಲು ಅಲ್ಲಲ್ಲಿ ಹೆಂಚು ಇಡುವ ಸ್ಲ್ಯಾಬ್) ಹಾಕಿದರೆ ಸೆಕೆ ತಗ್ಗುತ್ತದಾ? ಮತ್ತೆ ಮೇಸ್ತ್ರಿ ಹೊರಗೋಡೆಗೆ ಪ್ಲಾಸ್ಟರ್ ಮಾಡದಿದ್ದರೆ ಗೆದ್ದಲು ಹಿಡಿಯುತ್ತೆ ಅಂತಿದ್ದಾರೆ.

ತಾರಸಿ_ಬಿಳಿ:
ಫಿಲ್ಲರ್ ಸ್ಲ್ಯಾಬಿನ ಲಾಭ ಮುಖ್ಯವಾಗಿ ಕಾಂಕ್ರೀಟ್ ಉಳಿತಾಯ. ಸೆಕೆ ಸ್ವಲ್ಪ ತಗ್ಗಬಹುದು, ಅಷ್ಟೆ. ನಿಜವಾದ ವ್ಯತ್ಯಾಸ ತಾರಸಿಯ ಮೇಲ್ಮೈ ಬಿಳಿಯಾಗಿದ್ದರೆ. ಒಡೆದ ಬಿಳಿ ಟೈಲ್ಸ್ ಹಾಸಿ, 100ಕ್ಕೆ 1 ಇಳಿಜಾರು ಕೊಡಿ, ವರ್ಷಕ್ಕೊಮ್ಮೆ ತೊಳೆಯಿರಿ. ಧೂಳು ಕೂತ ಬಿಳಿ ಬಿಳಿಯಲ್ಲ.

ಹೆಂಚು ಹಾಕುವುದಾದರೆ ಮೋಲ್ಡಿಂಗ್‌ಗೆ ಮೊದಲು ನೀರಲ್ಲಿ ನೆನೆಸಿ, ಇಲ್ಲದಿದ್ದರೆ ಕಾಂಕ್ರೀಟಿನ ನೀರನ್ನು ಅದೇ ಕುಡಿಯುತ್ತದೆ. ಹೆಂಚಿನ ಮೇಲೆ ಕನಿಷ್ಠ 50 ಮಿ.ಮೀ ಕಾಂಕ್ರೀಟ್ ಇರಲಿ. ಬಾಲ್ಕನಿಯಂಥ ಚಾಚಿನಲ್ಲಿ, ಬಚ್ಚಲ ತಗ್ಗಿನಲ್ಲಿ, ಗೋಡೆಯ ಮೇಲೆ ಕೂರುವ ಅಂಚಿನಲ್ಲಿ ಹೆಂಚು ಬೇಡ. ಚಾಚಿನಲ್ಲಿ ಎಳೆತ ಬೀಳುವುದು ಮೇಲ್ಭಾಗಕ್ಕೆ, ಒತ್ತಡ ತಡೆಯಬೇಕಾದದ್ದು ಕೆಳಗಿನ ಕಾಂಕ್ರೀಟ್. ಅದನ್ನೇ ತೆಗೆದು ಹೆಂಚಿಟ್ಟರೆ ಏನು ಉಳಿಯಿತು? ಕಂಬಿಯ ಲೆಕ್ಕ ಸ್ಟ್ರಕ್ಚರಲ್ ಇಂಜಿನಿಯರಿಂದಲೇ ಬರಲಿ.

ಮಣ್ಣುಕೈ:
ಗೆದ್ದಲು ಸಿಮೆಂಟ್ ಸೇರಿದ ಬ್ಲಾಕನ್ನು ತಿನ್ನಲ್ಲ. ಬಿರುಕಲ್ಲಿ ಹಾದು ಬಾಗಿಲ ಚೌಕಟ್ಟಿಗೆ ಹೋಗುತ್ತದೆ, ಪ್ಲಾಸ್ಟರ್ ಅದನ್ನು ತಡೆಯುವುದಿಲ್ಲ. ಸೈಜುಗಲ್ಲಿನ ಪಾಯವನ್ನು ನೆಲದಿಂದ ಒಂದೂವರೆ ಅಡಿಯಾದರೂ ಎತ್ತಿ, ಮೇಲೆ ಸುತ್ತಲೂ ಮುರಿಯದ ಕಾಂಕ್ರೀಟ್ ಪಟ್ಟಿ ಹಾಕಿ. ಲಿಂಟಲ್ ಮಟ್ಟದಲ್ಲೂ ಸುತ್ತುಪಟ್ಟಿ ಬೇಕೇ ಬೇಕು. ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ ಹೊಡೆಯುವುದರಿಂದ ನಿಮ್ಮ ಮುಂದಿನ ಗೋಡೆಗೆ ಎರಡಡಿ ಚಾಚು, ಸಂದುಗಳಿಗೆ ಒಳ್ಳೆ ಪಾಯಿಂಟಿಂಗ್ ಮಾಡಿಸಿ. ಪ್ಲಾಸ್ಟಿಕ್ ಪೇಂಟ್ ಬಳಿಯಬೇಡಿ, ಒಳಸೇರಿದ ತೇವ ಹೊರಬರದೆ ಪದರ ಎದ್ದು ಬರುತ್ತದೆ.

ಮತ್ತೆ ಎಲೆಕ್ಟ್ರಿಷಿಯನ್‌ನನ್ನು ಗೋಡೆ ಏಳುವಾಗಲೇ ಕರೆಸಿ, ಪೈಪು ಬ್ಲಾಕಿನ ಜೊತೆಗೇ ಏರಲಿ. ಆಮೇಲೆ ಕಟರ್ ಹಿಡಿದು ಭಾರ ಹೊರುವ ಗೋಡೆಗೆ ಅಡ್ಡಗೆರೆ ಕೊರೆಯಲು ಬಿಡಬೇಡಿ. ಕಲಿಯಲು ಬೇಕಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) 1974ರಲ್ಲಿ ಶುರುವಾದ ಅಸ್ತ್ರ ಎಂಬ ಕೇಂದ್ರ ಈ ಬ್ಲಾಕಿನ ಮೇಲೆ ತುಂಬಾ ಕೆಲಸ ಮಾಡಿದೆ, ಈಗ ಅದರ ಹೆಸರು ಸುಸ್ಥಿರ ತಂತ್ರಜ್ಞಾನ ಕೇಂದ್ರ. ಆರೋವಿಲ್‌ನ ಅರ್ಥ್ ಇನ್‌ಸ್ಟಿಟ್ಯೂಟಲ್ಲಿ ಕೈಯಾರೆ ಮಾಡಿ ಕಲಿಯುವ ತರಬೇತಿಗಳಿವೆ. ರೆಡಿ ಬ್ಲಾಕ್ ಕೊಳ್ಳುವುದಾದರೆ ಮಣ್ಣಿನ ಬ್ಲಾಕಿನ ಭಾರತೀಯ ಮಾನದಂಡವಾದ ಐಎಸ್ 1725 ಪ್ರಕಾರ ಒದ್ದೆ ಸ್ಥಿತಿಯ ಬಲದ ಟೆಸ್ಟ್ ರಿಪೋರ್ಟ್ ಕೇಳಿ. ಒಣ ಬ್ಲಾಕಿನ ಅಂಕಿ ತೋರಿಸಿದರೆ ಒಪ್ಪಬೇಡಿ, ಒದ್ದೆಯಾದಾಗ ಬಲ ತುಂಬಾ ಇಳಿಯುತ್ತದೆ.