ಅತ್ತೆಗೆ: ಜೇನುಪೆಟ್ಟಿಗೇಲಿ ಕಂಡ ಕರಿ ನೊಣದ ಬಗ್ಗೆ

ಅತ್ತೆ, ಟೈಪ್ ಮಾಡಿದ್ರೆ ಮುಗಿಯಲ್ಲ, ಅದಕ್ಕೇ ವಾಯ್ಸ್ ಕಳಿಸ್ತಿದೀನಿ. ಜಯನಗರದ ಮನೆ ಹಿತ್ತಲ ಜೇನುಪೆಟ್ಟಿಗೇಲಿ ಕಪ್ಪಗೆ ಮಿಂಚೋ ಜೇನುನೊಣ ಬಂದಿವೆ, ರೋಗವಾ ಅಂತ ಕೇಳಿದ್ರಲ್ಲ, ಮೂರು ಫೋಟೋನೂ ದೊಡ್ಡದು ಮಾಡಿ ನೋಡ್ದೆ. ಚಿಕ್ಕಪ್ಪ ಉದುರಿಸು ಅಂದ ಅರಿಶಿನ ಸದ್ಯ ಡಬ್ಬೀಲೇ ಇರ್ಲಿ. ನೊಣದ ಬಣ್ಣ ನೋಡಿ ಮದ್ದು ಹಾಕೋಕಾಗಲ್ಲ, ಎರಿ, ಅಂದ್ರೆ ಕೋಶಗಳಿರೋ ಮೇಣದ ಹಲ್ಲೆ, ಅದರ ಒಳಗೆ ನೋಡ್ಬೇಕು.

ಎರಡನೇ ಫೋಟೋದಲ್ಲಿರೋ ದಪ್ಪನೆಯವು, ಕಣ್ಣೆರಡೂ ನೆತ್ತಿ ಮೇಲೆ ಕೂಡಿಕೊಂಡಿರೋವು, ಗಂಡುನೊಣ. ತುಡುವೇಲಿ, ಅಂದ್ರೆ ನಿಮ್ಮ ಪೆಟ್ಟಿಗೇಲಿರೋ ನಾಡಜೇನಿನ ಜಾತೀಲಿ, ಗಂಡು ಕಪ್ಪೇ. ಮುಳ್ಳಿಲ್ಲ, ಕೈಲಿ ಹಿಡಿದ್ರೂ ಏನೂ ಮಾಡಲ್ಲ. ಕುಟುಂಬ ಪಾಲಾಗಿ ಒಂದು ಗುಂಪು ಹಾರಿಹೋಗೋ ಮುಂಚೆ ನೂರಾರು ಇದ್ರೂ ಸರಿಯೇ. ಗಂಡುಮರಿ ಕೋಶದ ಮುಚ್ಚಳದ ತುದೀಲಿ ಸೂಜಿ ಚುಚ್ಚಿದಂಥ ತೂತು ಕಾಣತ್ತೆ, ಹುಳ ಕೊರೆದಿದೆ ಅಂತ ಗಾಬರಿ ಬೇಡ, ತುಡುವೆ ಲಕ್ಷಣವೇ ಅದು. ಬೂದುಬಣ್ಣದ ಮೆತ್ತನೆ ರೋಮದವು ಈಗಷ್ಟೇ ಹೊರಗೆ ಬಂದ ಎಳೇ ನೊಣ, ಬಿಡಿ.

ಯೋಚನೆ ಹತ್ತಿಸಿದ್ದು ಮೊದಲನೇ ಫೋಟೋ. ಅಲ್ಲಿ ಕೆಲಸಗಾರ ನೊಣಗಳೇ ರೋಮ ಉದುರಿ, ಎಣ್ಣೆ ಸವರಿದ ಹಾಗೆ ಕಪ್ಪಾಗಿವೆ. ವಯಸ್ಸಾದ್ರೂ ಹಾಗಾಗತ್ತೆ, ಬೇರೆ ಪೆಟ್ಟಿಗೆ ಜೇನು ಕದಿಯೋಕೆ ಸಂದೀಲಿ ನುಗ್ಗಿ ಮೈ ಉಜ್ಜಿಕೊಂಡ್ರೂ ಆಗತ್ತೆ. ಆದ್ರೆ ಗುಂಪಿಗೆ ಗುಂಪೇ ಹೀಗಿದ್ರೆ ನನ್ನ ಮೊದಲ ಅನುಮಾನ, ರಾಣಿ ಇಲ್ಲ, ಕೆಲಸಗಾರ ನೊಣಗಳೇ ಮೊಟ್ಟೆ ಇಡ್ತಿವೆ. ತುಡುವೇಲಿ ಇದು ಬಹಳ ಬೇಗ ಶುರುವಾಗತ್ತೆ.

ನಾಳೆ ಹತ್ತೂವರೆ ಬಿಸಿಲಲ್ಲಿ ಸ್ವಲ್ಪವೇ ಹೊಗೆ ಹಾಕಿ, ಸಂಸಾರ ಕೋಣೆಯ (ಮೊಟ್ಟೆ, ಮರಿ ಇರೋ ಕೆಳಗಿನ ಭಾಗ) ನಡುವಿನ ಎರಿ ಚೌಕಟ್ಟು ಎತ್ತಿ. ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಕೋಶದ ತಳಕ್ಕೆ ಬೀಳ್ಬೇಕು. ರಾಣೀನ ಹುಡುಕ್ತಾ ಕೂರಬೇಡಿ, ಮೊಟ್ಟೆ ಎಣಿಸಿ. ಕೋಶಕ್ಕೆ ಒಂದೇ ಮೊಟ್ಟೆ, ತಳದ ನಡುವೆ ನೆಟ್ಟಗೆ ನಿಂತಿದೆ ಅಂದ್ರೆ ನಿನ್ನೆಯೋ ಇವತ್ತೋ ಇಟ್ಟಿದ್ದು, ರಾಣಿ ಕ್ಷೇಮ. ಒಂದೊಂದರಲ್ಲೂ ಮೂರು, ಐದು, ಅದೂ ಗೋಡೆಗೆ ಅಂಟಿಕೊಂಡಿದ್ರೆ ಅನುಮಾನ ನಿಜ. ಕೆಲಸಗಾರ ನೊಣದ ಹೊಟ್ಟೆ ಗಿಡ್ಡ, ಕೋಶದ ತಳ ಮುಟ್ಟಲ್ಲ, ಅದಕ್ಕೇ ಗೋಡೆ ಮೇಲೆ ಇಡತ್ತೆ. ಹೊಸ ರಾಣಿಯೂ ಮೊದಮೊದಲು ಎರಡೆರಡು ಇಡಬಹುದು, ಆದ್ರೆ ತಳದಲ್ಲೇ. ಕೆಲಸಗಾರ ಮೊಟ್ಟೆಯಿಂದ ಹುಟ್ಟೋದೆಲ್ಲ ಗಂಡೇ, ಹಾಗಾಗಿ ಸಣ್ಣ ಕೋಶಗಳ ಮುಚ್ಚಳ ಅಲ್ಲಲ್ಲಿ ಗುಂಡಗೆ ಉಬ್ಬಿರತ್ತೆ.

ಹಾಗಿದ್ರೆ ರಾಣೀನ ತಂದು ಬಿಡಬೇಡಿ, ಕೊಂದುಹಾಕ್ತವೆ. ನಾಲ್ಕು ಎರಿ ತುಂಬ ನೊಣ ಇದ್ರೆ ಬೇರೆ ಪೆಟ್ಟಿಗೆಯಿಂದ ಮೊಟ್ಟೆ, ಎಳೇ ಮರಿ ಇರೋ ಒಂದು ಚೌಕಟ್ಟು, ನೊಣ ಕೊಡವಿ, ಕೊಡಿ. ನಾಲ್ಕು ದಿನದಲ್ಲಿ ರಾಣಿಕೋಶ ಕಟ್ಟಿದ್ರೆ ಬಚಾವ್. ಇಲ್ಲ ಅಂದ್ರೆ ಇನ್ನೊಂದು ಚೌಕಟ್ಟು. ನೊಣ ಅದಕ್ಕಿಂತ ಕಡಿಮೆ ಇದ್ರೆ ಗಟ್ಟಿ ಕುಟುಂಬಕ್ಕೆ ಸೇರಿಸೋದೇ ವಾಸಿ: ಸಂಜೆ ಮೇಲೆ, ಗಟ್ಟಿ ಪೆಟ್ಟಿಗೆ ಕೆಳಗೆ, ನಡುವೆ ಗುಂಡುಸೂಜೀಲಿ ಹತ್ತು ತೂತು ಮಾಡಿದ ಒಂದು ಪೇಪರ್ ಹಾಳೆ, ಅದರ ಮೇಲೆ ನಿಮ್ಮದು. ಎರಡು ದಿನ ಮುಟ್ಟಬೇಡಿ.

ಚೌಕಟ್ಟು ಅದಲುಬದಲು ಮಾಡೋ ಮುಂಚೆ ಎರಡೂ ಪೆಟ್ಟಿಗೇಲಿ ಮರಿ ನೋಡಿ. ಸತ್ತ ಮರಿ ಉದ್ದಕ್ಕೆ ಮಲಗಿ, ತಲೆ ದೋಣಿ ಮೂತಿ ಥರ ಮೇಲೆದ್ದಿದ್ರೆ ಬೆಂಕಿಕಡ್ಡೀಲಿ ಎತ್ತಿ. ನೀರು ತುಂಬಿದ ಚೀಲದ ಹಾಗೆ ಬಂದ್ರೆ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ಮರಿರೋಗ, 1991-92ರಲ್ಲಿ ನಮ್ಮ ಕಡೆ ತುಡುವೇನ ಖಾಲಿ ಮಾಡಿದ್ದು ಇದೇ. ವೈರಸ್ ಆದ್ದರಿಂದ ಆಂಟಿಬಯಾಟಿಕ್ ದಂಡ. ಆಗ ಯಾವ ಚೌಕಟ್ಟೂ ಆಚೀಚೆ ಹೋಗೋದು ಬೇಡ, ಜಿಕೆವಿಕೆ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯ) ಜೇನು ಕೃಷಿ ವಿಭಾಗಕ್ಕೆ ಒಮ್ಮೆ ತೋರಿಸಿ.

ಮೂರನೇ ಫೋಟೋದಲ್ಲಿ ಬಾಗಿಲ ಮುಂದೆ ಬಿದ್ದಿರೋವಕ್ಕೆ ನಾಲಿಗೆ ಹೊರಗೆ ಚಾಚಿದೆ. ಅದು ಬೇರೆ ಕಥೆ, ವಿಷದ ಗುರುತು. ಬೀದೀಲಿ ಸೊಳ್ಳೆಗೆ ಹೊಗೆ ಹೊಡೆದ್ರಾ ಅಂತ ವಿಚಾರಿಸಿ. ಮುಂದಿನ ಸಲ ಗೊತ್ತಾದ್ರೆ ನೊಣ ಎಲ್ಲ ಒಳಗೆ ಬಂದ ಮೇಲೆ ಪೆಟ್ಟಿಗೆ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಹೊಗೆ ಹೋದ ಕೂಡ್ಲೇ ತೆಗೆದುಬಿಡಿ, ಇಲ್ಲಾಂದ್ರೆ ಒಳಗೆ ಸೆಕೆ ಏರತ್ತೆ.

ಕೋಶದ ತಳ ಕಾಣೋ ಹಾಗೆ ಒಂದು ಫೋಟೋ ಹಾಕಿ. ಚೌಕಟ್ಟು ನೆಟ್ಟಗೇ ಹಿಡೀರಿ, ಅಡ್ಡ ಮಲಗಿಸಿದ್ರೆ ಬಿಸಿಲಿಗೆ ಹೊಸ ಎರಿ ಕಳಚಿ ಬೀಳತ್ತೆ.